ಸಪ್ಲಿಮೆಂಟರಿ ಇಲ್ಲದ ಪರೀಕ್ಷೆ

ಒಂದೇ ಒಂದು ಪಂದ್ಯ ಸೋತರೂ ಗಂಟುಮೂಟೆ ಕಟ್ಟಿ ಊರಿಗೆ. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಟೂರ್ನಿಯನ್ನು ಜನ ನೆನಪಿಟ್ಟುಕೊಳ್ಳುವುದು ಕಪ್ ಎತ್ತಿದವರಿಗಾಗಿ ಅಲ್ಲ, ಕೊನೆಯ ಎರಡು ಸೆಕೆಂಡಿಗಾಗಿ. ಆ ಎರಡು ಸೆಕೆಂಡಿನಲ್ಲಿ ಗೆದ್ದವನಷ್ಟೇ ಪಾಲು ಕೈಚೆಲ್ಲಿದವನಿಗೂ ಇದೆ.

ನ್ಯೂ ಆರ್ಲಿಯನ್ಸ್‌ನ ಸೂಪರ್‌ಡೋಮ್. 1982ರ ಮಾರ್ಚ್ 29ರ ರಾತ್ರಿ, ಟೂರ್ನಿಯ ಫೈನಲ್. ಒಳಗೆ 61,612 ಜನ. ಆ ದೈತ್ಯ ಗುಮ್ಮಟದ ನಡುವೆ ಬ್ಯಾಸ್ಕೆಟ್‌ಬಾಲ್ ಅಂಗಣ ಜಾತ್ರೆ ಬಯಲಲ್ಲಿ ಹಾಸಿದ ಚಾಪೆಯಷ್ಟು.

ನಾರ್ತ್ ಕ್ಯಾರೊಲಿನಾ 63, ಜಾರ್ಜ್‌ಟೌನ್ 62. ಗಡಿಯಾರದಲ್ಲಿ ಹದಿನೈದು ಸೆಕೆಂಡೂ ಉಳಿದಿಲ್ಲ. ಕಾಲೇಜಿನ ಮೊದಲ ವರ್ಷದ, ಹತ್ತೊಂಬತ್ತರ ಹುಡುಗನೊಬ್ಬ ಎಡಬದಿಯಿಂದ ಜಿಗಿದು ಎಸೆದ ಚೆಂಡು ಈಗಷ್ಟೇ ಬಲೆಯೊಳಗೆ ಇಳಿದಿದೆ. ಹುಡುಗನ ಹೆಸರು ಮೈಕೆಲ್ ಜೋರ್ಡನ್. ಹೊರಜಗತ್ತಿಗೆ ಆ ಹೆಸರಿನ್ನೂ ಮುಟ್ಟಿಲ್ಲ.

ಚೆಂಡು ಈಗ ಜಾರ್ಜ್‌ಟೌನ್‌ನ ಫ್ರೆಡ್ ಬ್ರೌನ್ ಕೈಯಲ್ಲಿ. ಒಂದು ಬುಟ್ಟಿ ಬಿದ್ದರೆ ಕಪ್ ಅವರದು. ಬ್ರೌನ್ ಚೆಂಡು ತಟ್ಟುತ್ತಾ ಮುಂದೆ ಬಂದ, ನಿಂತ, ಕೊಡಲು ಜನ ಹುಡುಕಿದ. ಕಣ್ಣಂಚಿನಲ್ಲಿ ಒಂದು ಆಕೃತಿ ಕಂಡಿತು. ತನ್ನವನೇ ಇರಬೇಕೆಂದು ದಾಟಿಸಿದ. ಪಾಸ್‌ನಲ್ಲಿ ಕೊಂಕೇನೂ ಇರಲಿಲ್ಲ. ಆದರೆ ಹಿಡಿದವನು ಜೇಮ್ಸ್ ವರ್ದಿ. ಎದುರಾಳಿ.

ಕೇಳದೇ ಸಿಕ್ಕ ಈ ದಾನಕ್ಕೆ ವರ್ದಿಗೇ ಅರೆಕ್ಷಣ ನಂಬಿಕೆ ಬರಲಿಲ್ಲ. ಆಮೇಲೆ ಓಟ ಕಿತ್ತ. ಪಂದ್ಯ ಮುಗಿಯಿತು.

ಜಾರ್ಜ್‌ಟೌನ್‌ನ ಕೋಚ್ ಜಾನ್ ಥಾಮ್ಸನ್ ಏಳಡಿಗೆ ಎರಡೇ ಇಂಚು ಕಡಿಮೆಯ ಆಳು. ಹೆಗಲ ಮೇಲೆ ಬಿಳಿ ಟವೆಲ್ ಇಲ್ಲದೆ ಅವರು ಅಂಗಣಕ್ಕೆ ಬಂದದ್ದೇ ಅಪರೂಪ. ಆಟಗಾರರನ್ನು ಗದರಿಸುವುದರಲ್ಲಿ ಹೆಸರಾದವರು. ಆ ರಾತ್ರಿ ಅವರು ಗದರಲಿಲ್ಲ. ತಲೆ ತಗ್ಗಿಸಿ ಬಂದ ಬ್ರೌನ್‌ನನ್ನು ಎಳೆದು ಎದೆಗವುಚಿಕೊಂಡರು.

ಕ್ಯಾಮೆರಾ ಅದನ್ನು ಹಿಡಿಯಿತು. ಜೋರ್ಡನ್‌ನ ಎಸೆತದ ಪಕ್ಕದಲ್ಲೇ ಈ ಅಪ್ಪುಗೆಗೂ ಅಮೆರಿಕದ ನೆನಪಿನಲ್ಲಿ ಜಾಗ ಸಿಕ್ಕಿತು.

ಮಾರ್ಚ್ ಬಂತೆಂದರೆ ಹುಚ್ಚು

ನಮ್ಮಲ್ಲಿ ಮಾರ್ಚ್ ಎಂದರೆ ಪರೀಕ್ಷೆ. ಹಾಲ್ ಟಿಕೆಟ್, ಗೈಡು, ಮನೆಯಲ್ಲಿ ಟಿವಿ ಬಂದ್. ಅಮೆರಿಕದಲ್ಲಿ ಮಾರ್ಚ್ ಎಂದರೆ ಟಿವಿ ಆರುವುದೇ ಇಲ್ಲ. ಅದಕ್ಕೆ ಅವರಿಟ್ಟ ಹೆಸರೇ ‘ಮಾರ್ಚ್ ಮ್ಯಾಡ್‌ನೆಸ್’, ಮಾರ್ಚ್ ತಿಂಗಳ ಹುಚ್ಚು.

ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ ನಡೆಸುವ ಟೂರ್ನಿ ಇದು. 68 ತಂಡ, ಮೂರು ವಾರ, ಪೂರ್ತಿ ನಾಕ್‌ಔಟ್. ಅಲ್ಲಿನ ವೃತ್ತಿಪರರ ಲೀಗ್ ಎನ್‌ಬಿಎ ಫೈನಲ್ ಏಳು ಪಂದ್ಯಗಳ ತನಕ ಎಳೆಯಬಹುದು. ನಮ್ಮ ಐಪಿಎಲ್‌ನಲ್ಲೂ ಮೊದಲೆರಡು ಸ್ಥಾನದ ತಂಡಗಳಿಗೆ ಒಂದು ಸೋಲಿನ ಮಾಫಿ ಇದೆ. ಇಲ್ಲಿ ಅದಿಲ್ಲ. ಫೇಲಾದರೆ ಸಪ್ಲಿಮೆಂಟರಿ ಇಲ್ಲ.

ಆಡುವವರು ಹದಿನೆಂಟರಿಂದ ಇಪ್ಪತ್ತೆರಡರ ಆಸುಪಾಸಿನವರು. ಅವರಲ್ಲಿ ಎನ್‌ಬಿಎ ಮೆಟ್ಟಿಲು ಹತ್ತುವವರು ಬೆರಳೆಣಿಕೆಯಷ್ಟು. ಉಳಿದವರಿಗೆ ಇದೇ ಬದುಕಿನ ಅತಿ ದೊಡ್ಡ ಪಂದ್ಯ, ಎಷ್ಟೋ ಸಲ ಕೊನೆಯದ್ದೂ ಹೌದು. ಕೊನೆಯ ಸೆಕೆಂಡಿಗೆ ಅಷ್ಟು ತೂಕ ಬರುವುದು ಇದರಿಂದಲೇ.

ಶುರುವಾದದ್ದು ಸಣ್ಣದಾಗಿ. 1939ರಲ್ಲಿ ಎಂಟೇ ತಂಡ. ಇಲಿನಾಯ್‌ನ ಇವಾನ್‌ಸ್ಟನ್‌ನಲ್ಲಿ ನಡೆದ ಫೈನಲ್‌ನಲ್ಲಿ ಒರೆಗಾನ್ 46–33ರಿಂದ ಒಹಾಯೊ ಸ್ಟೇಟ್ ತಂಡವನ್ನು ಮಣಿಸಿತು. 1891ರ ಚಳಿಗಾಲದಲ್ಲಿ ಪೀಚ್ ಹಣ್ಣಿನ ಬುಟ್ಟಿಗಳನ್ನು ಹತ್ತಡಿ ಎತ್ತರಕ್ಕೆ ಮೊಳೆ ಹೊಡೆದು ಈ ಆಟ ಹುಟ್ಟಿಸಿದ ಜೇಮ್ಸ್ ನೇಸ್ಮಿತ್ ಆಗಿನ್ನೂ ಬದುಕಿದ್ದರು. ಬುಟ್ಟಿ ಹೋಗಿ ಉಂಗುರ ಬಂತು, ಉಂಗುರಕ್ಕೆ ಬಲೆ ಬಂತು. ಹತ್ತಡಿ ಮಾತ್ರ ಹತ್ತಡಿಯೇ.

---
ಚೌಕಟ್ಟು: ಊಹೆಯ ಲೆಕ್ಕ

ಟೂರ್ನಿಗೆ ಮುನ್ನ ಯಾರು ಯಾರನ್ನು ಸೋಲಿಸುತ್ತಾರೆ ಎಂದು ಕಾಗದದಲ್ಲಿ ತುಂಬುವ ‘ಬ್ರಾಕೆಟ್’ ಆಟ ಅಮೆರಿಕದ ಆಫೀಸುಗಳ ವಾರ್ಷಿಕ ಹಬ್ಬ. 64 ತಂಡಗಳ ಘಟ್ಟದಿಂದ ಎಣಿಸಿದರೆ 63 ಪಂದ್ಯ. ಎಲ್ಲವನ್ನೂ ಸರಿಯಾಗಿ ಊಹಿಸಬೇಕು.

ಸಾಧ್ಯತೆಗಳೆಷ್ಟು? ಕೋಟಿಯನ್ನು ಕೋಟಿಯಿಂದ ಗುಣಿಸಿ, ಬಂದದ್ದನ್ನು ಮತ್ತೆ 92 ಸಾವಿರದಿಂದ ಗುಣಿಸಿದಷ್ಟು.

2014ರಲ್ಲಿ ಪೂರ್ತಿ ಸರಿಯಾದ ಊಹೆಗೆ ನೂರು ಕೋಟಿ ಡಾಲರ್ ಬಹುಮಾನ ಘೋಷಣೆಯಾಯಿತು. ಬೆನ್ನಿಗೆ ನಿಂತವರು ವಾರನ್ ಬಫೆಟ್. ಅವರ ದುಡ್ಡು ಅಲುಗಲಿಲ್ಲ. 2019ರಲ್ಲಿ ಒಹಾಯೊದ ಒಬ್ಬರು ಮೊದಲ 49 ಪಂದ್ಯಗಳನ್ನು ಸರಿಯಾಗಿ ಊಹಿಸಿದರು. ಐವತ್ತನೆಯದು ಕೈಕೊಟ್ಟಿತು.

---

ಯಾರನ್ನು ಅಪ್ಪಿಕೊಳ್ಳಲಿ?

ಬ್ರೌನ್‌ನ ಪಾಸ್‌ಗೆ ಒಂದು ವರ್ಷ ತುಂಬಿತ್ತಷ್ಟೇ. 1983ರ ಏಪ್ರಿಲ್ 4ರ ಫೈನಲ್, ಊರು ಆಲ್ಬುಕರ್ಕಿ. ಹ್ಯೂಸ್ಟನ್ ತಂಡದಲ್ಲಿ ಹಕೀಂ ಒಲಾಜುವಾನ್, ಕ್ಲೈಡ್ ಡ್ರೆಕ್ಸ್‌ಲರ್. ಸತತ 26 ಪಂದ್ಯ ಗೆದ್ದು ಬಂದವರು. ಎದುರಿಗೆ ಆ ಋತುವಿನಲ್ಲಿ ಹತ್ತು ಪಂದ್ಯ ಸೋತಿದ್ದ ನಾರ್ತ್ ಕ್ಯಾರೊಲಿನಾ ಸ್ಟೇಟ್.

52–52. ಕೊನೆಯ ಸೆಕೆಂಡುಗಳು. ಡೆರೆಕ್ ವಿಟೆನ್‌ಬರ್ಗ್ ಬಲು ದೂರದಿಂದ ಎಸೆದ. ಎಸೆತವೇನೋ ಎತ್ತರಕ್ಕೆ ಹೋಯಿತು, ಉಂಗುರದ ತನಕ ಬರಲಿಲ್ಲ. ಬುಟ್ಟಿಯ ಕೆಳಗಿದ್ದ ಲೊರೆಂಜೊ ಚಾರ್ಲ್ಸ್ ಬೀಳುತ್ತಿದ್ದ ಚೆಂಡನ್ನು ಗಾಳಿಯಲ್ಲೇ ಹಿಡಿದು ಒಳಗೆ ತುರುಕಿದ. 54–52. ಗುರಿ ತಪ್ಪಿದ ಎಸೆತವೇ ಪಾಸ್ ಆಗಿಬಿಟ್ಟಿತ್ತು.

ಆಮೇಲಿನದು ಇನ್ನೂ ಸೊಗಸು. ಕೋಚ್ ಜಿಮ್ ವಾಲ್ವಾನೊ ಅಂಗಣಕ್ಕೆ ಓಡಿದರು. ಆ ಕಡೆ ಓಡಿದರು, ಈ ಕಡೆ ಓಡಿದರು, ತೋಳು ಚಾಚಿಕೊಂಡೇ ಇದ್ದರು. ಅಪ್ಪಿಕೊಳ್ಳಲು ಜನ ಬೇಕಿತ್ತು. ಎಲ್ಲರೂ ಆಗಲೇ ಬೇರೆ ಯಾರನ್ನೋ ಅಪ್ಪಿಕೊಂಡಿದ್ದರು. ಮದುವೆ ಮನೆಯಲ್ಲಿ ಮಗಳನ್ನು ಕಳಿಸಿಕೊಟ್ಟ ಅಪ್ಪನಂತೆ ಆ ಮನುಷ್ಯ ಗುಂಪಿನ ನಡುವೆ ಒಂಟಿಯಾಗಿ ಸುತ್ತುತ್ತಿದ್ದ ದೃಶ್ಯ ಪ್ರತಿ ಮಾರ್ಚ್‌ನಲ್ಲೂ ಟಿವಿಯಲ್ಲಿ ಮರಳುತ್ತದೆ.

ಹತ್ತು ವರ್ಷಗಳ ನಂತರ, 1993ರ ಮಾರ್ಚ್‌ನಲ್ಲಿ, ಕ್ಯಾನ್ಸರ್‌ನಿಂದ ಬಸವಳಿದಿದ್ದ ವಾಲ್ವಾನೊ ಪ್ರಶಸ್ತಿ ಸಮಾರಂಭವೊಂದರ ವೇದಿಕೆ ಹತ್ತಿ, ದಿನಕ್ಕೊಮ್ಮೆಯಾದರೂ ನಗಿ, ಯೋಚಿಸಿ, ಕಣ್ಣು ತೇವವಾಗುವಷ್ಟು ಮನಸ್ಸು ಕರಗಲಿ ಎಂಬರ್ಥದ ಮಾತಾಡಿದರು. ಎರಡು ತಿಂಗಳು ತುಂಬುವ ಮೊದಲೇ ತೀರಿಕೊಂಡರು. ವಯಸ್ಸು 47. ಅವರ ಹೆಸರಿನ ಪ್ರತಿಷ್ಠಾನ ಇಂದಿಗೂ ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸುತ್ತಿದೆ.

---
ಚೌಕಟ್ಟು: ಕತ್ತರಿ ಮತ್ತು ಏಣಿ

ಫೈನಲ್ ಗೆದ್ದ ತಂಡ ಏಣಿ ಹತ್ತಿ ಬುಟ್ಟಿಯ ಬಲೆಯನ್ನು ಕತ್ತರಿಸಿಕೊಂಡು ಹೋಗುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಎಳೆ. ಉಳಿದದ್ದು ಕೋಚ್‌ಗೆ, ಅದು ಸಾಮಾನ್ಯವಾಗಿ ಕೊರಳಿಗೆ ಹಾರವಾಗುತ್ತದೆ. ಈ ರೂಢಿ ಹರಡಿದ ಶ್ರೇಯ 1940ರ ದಶಕದ ನಾರ್ತ್ ಕ್ಯಾರೊಲಿನಾ ಸ್ಟೇಟ್ ಕೋಚ್ ಎವರೆಟ್ ಕೇಸ್ ಅವರದು. ಅದೇ ಕಾಲೇಜಿನ ವಾಲ್ವಾನೊ, ಗೆಲ್ಲುವ ಮೊದಲೇ ಹುಡುಗರಿಂದ ಬಲೆ ಕತ್ತರಿಸುವ ರಿಹರ್ಸಲ್ ಮಾಡಿಸುತ್ತಿದ್ದರು.

---

2.1 ಸೆಕೆಂಡ್

1992ರ ಮಾರ್ಚ್ 28, ಫಿಲಡೆಲ್ಫಿಯಾ. ಡ್ಯೂಕ್ ಮತ್ತು ಕೆಂಟಕಿ ನಡುವೆ ಹೆಚ್ಚುವರಿ ಅವಧಿಯ ಆಟ. ಕೆಂಟಕಿಯ ಷಾನ್ ವುಡ್ಸ್ ಹಲಗೆಗೆ ಬಡಿಸಿ ಹಾಕಿದ ಚೆಂಡಿನಿಂದ ಅಂಕ 103–102. ಡ್ಯೂಕ್‌ಗೆ ಉಳಿದದ್ದು 2.1 ಸೆಕೆಂಡ್, ದಾಟಬೇಕಾದದ್ದು ಇಡೀ ಅಂಗಣ.

ಗ್ರಾಂಟ್ ಹಿಲ್ ಬುಟ್ಟಿಯ ಗೆರೆಯಾಚೆ ನಿಂತ. ಅವನಿಗೆ ಅಡ್ಡ ಯಾರನ್ನೂ ನಿಲ್ಲಿಸದಿರಲು ಕೆಂಟಕಿ ಕೋಚ್ ರಿಕ್ ಪಿಟಿನೊ ತೀರ್ಮಾನಿಸಿದ್ದರು. ಈ ತೀರ್ಮಾನದ ಬಗ್ಗೆ ಕೆಂಟಕಿಯಲ್ಲಿ ಜಗಳ ಇವತ್ತಿಗೂ ಮುಗಿದಿಲ್ಲ. ಹಿಲ್ ಕ್ರಿಕೆಟ್ ಬೌಂಡರಿಯಿಂದ ಬೀಸಿದಂತೆ ಚೆಂಡನ್ನು ಎಪ್ಪತ್ತೈದಡಿ ಆಚೆಗೆ ಬೀಸಿದ.

ಕ್ರಿಶ್ಚಿಯನ್ ಲೇಟ್ನರ್ ಬುಟ್ಟಿಗೆ ಬೆನ್ನು ಮಾಡಿ ಹಿಡಿದ. ಗಾಬರಿಯಿಲ್ಲ. ಒಮ್ಮೆ ನೆಲಕ್ಕೆ ತಟ್ಟಿದ, ತಿರುಗಿದ, ಎಸೆದ. ಹೊತ್ತು ಮುಗಿಯಿತೆನ್ನುವ ದೀಪ ಹೊತ್ತಿದಾಗ ಚೆಂಡು ಗಾಳಿಯಲ್ಲಿತ್ತು. ಬಲೆ ಅಲುಗಿತು. 104–103. ಆ ದಿನ ಲೇಟ್ನರ್ ಬುಟ್ಟಿಗೆ ಹತ್ತು ಸಲ ಎಸೆದು ಹತ್ತೂ ಹಾಕಿದ್ದ; ಫ್ರೀ ಥ್ರೋ ಕೂಡ ಹತ್ತಕ್ಕೆ ಹತ್ತು. ಇದೇ ಪಂದ್ಯದಲ್ಲಿ ಕೆಳಗೆ ಬಿದ್ದಿದ್ದ ಎದುರಾಳಿಯ ಎದೆಯ ಮೇಲೆ ಕಾಲಿಟ್ಟವನೂ ಅವನೇ. ಹಾಗಾಗಿ ಅವನನ್ನು ಮೆಚ್ಚುವವರಷ್ಟೇ ಶಪಿಸುವವರೂ ಇದ್ದಾರೆ.

ಅದೇ ಋತುವಿನ ಫೆಬ್ರುವರಿಯಲ್ಲಿ ವೇಕ್ ಫಾರೆಸ್ಟ್ ವಿರುದ್ಧ ಡ್ಯೂಕ್ ಇದೇ ಉಪಾಯ ಹೂಡಿತ್ತು. ಹಿಲ್‌ನ ಎಸೆತ ಪಕ್ಕಕ್ಕೆ ಬಾಗಿ ಎಲ್ಲ ಕೆಟ್ಟಿತ್ತು. ಫಿಲಡೆಲ್ಫಿಯಾದಲ್ಲಿ ಜಗತ್ತು ನೋಡಿದ್ದು ಎರಡನೇ ಪ್ರಯತ್ನ.

ಸೋತ ಕೆಂಟಕಿಗೇನು ಸಿಕ್ಕಿತು? ನಿಯಮ ಉಲ್ಲಂಘನೆಗೆ ಕಾಲೇಜಿನ ಮೇಲೆ ನಿರ್ಬಂಧ ಬಿದ್ದಾಗಲೂ ಬಿಟ್ಟು ಹೋಗದೆ ಉಳಿದಿದ್ದ ನಾಲ್ವರು ಹಿರಿಯ ಆಟಗಾರರ ಜೆರ್ಸಿಗಳನ್ನು ಊರಿನವರು ಕ್ರೀಡಾಂಗಣದ ಮಾಡಿನಿಂದ ತೂಗುಹಾಕಿದರು. ಚಾಂಪಿಯನ್ನರಿಗೆ ಸಲ್ಲುವ ಗೌರವ ಅದು.

ಇಲ್ಲದ ಟೈಮ್‌ಔಟ್

ಎಲ್ಲರಿಗೂ ಊರಿನ ಪ್ರೀತಿ ಇಷ್ಟು ಸಲೀಸಾಗಿ ಸಿಗುವುದಿಲ್ಲ. ಮರುವರ್ಷ, 1993ರ ಏಪ್ರಿಲ್ 5. ಮತ್ತೆ ಅದೇ ಸೂಪರ್‌ಡೋಮ್, ಮತ್ತೆ ಅದೇ ನಾರ್ತ್ ಕ್ಯಾರೊಲಿನಾ. ಎದುರಿಗೆ ಮಿಷಿಗನ್: ಒಂದೇ ವರ್ಷ ಕಾಲೇಜಿಗೆ ಸೇರಿ ಒಟ್ಟಿಗೆ ಮೇಲೆ ಬಂದ ಐವರು ಹುಡುಗರು, ಜೋಲು ಚಡ್ಡಿ, ಕಪ್ಪು ಕಾಲುಚೀಲ, ಬಾಯಿತುಂಬ ಮಾತು.

ಮಿಷಿಗನ್ ಎರಡು ಅಂಕ ಹಿಂದೆ. ಚೆಂಡು ಕ್ರಿಸ್ ವೆಬ್ಬರ್ ಕೈಯಲ್ಲಿ. ಮೂಲೆಗೆ ಬಂದ, ಇಬ್ಬರು ಮುತ್ತಿಕೊಂಡರು. 11 ಸೆಕೆಂಡ್ ಬಾಕಿಯಿದ್ದಾಗ ಅಂಗೈಗಳನ್ನು ಜೋಡಿಸಿ ಟೈಮ್‌ಔಟ್ ಕೇಳಿದ. ತಂಡದ ಬಳಿ ಟೈಮ್‌ಔಟ್ ಒಂದೂ ಉಳಿದಿರಲಿಲ್ಲ. ಟೆಕ್ನಿಕಲ್ ಫೌಲ್, ಎರಡು ಫ್ರೀ ಥ್ರೋ, ಚೆಂಡೂ ಎದುರಾಳಿಗೆ. ಪಂದ್ಯ 77–71ಕ್ಕೆ ಮುಗಿಯಿತು.

ವೆಬ್ಬರ್ ಅದೇ ವರ್ಷ ಎನ್‌ಬಿಎಗೆ ಹೋದ. ಕಾಲೇಜು ಅಂಗಣದಲ್ಲಿ ಆ ತಪ್ಪನ್ನು ತಿದ್ದಿಕೊಳ್ಳುವ ಅವಕಾಶ ಮತ್ತೆ ಬರಲಿಲ್ಲ. ಆಟಗಾರರಿಗೆ ಹಿಂಬಾಗಿಲಿನಿಂದ ಹಣ ಸಂದ ಹಗರಣ ಮುಂದೆ ಬಯಲಾಗಿ, ಮಿಷಿಗನ್‌ನ ಆ ಋತುವಿನ ಸಾಧನೆಯೇ ದಾಖಲೆ ಪುಸ್ತಕದಿಂದ ಅಳಿಸಿಹೋಯಿತು. ಟೈಮ್‌ಔಟ್ ಮಾತ್ರ ಯಾರ ತಲೆಯಿಂದಲೂ ಅಳಿಸಿಲ್ಲ.

ಪಂದ್ಯ ಶುರುವಾಗುವ ಮೊದಲೇ ಮುಗಿದ ಕಥೆ

ಮರೆಯಲಾಗದ ಕ್ಷಣ ಕೊನೆಯ ಸೆಕೆಂಡಿನಲ್ಲೇ ಬರಬೇಕೆಂದಿಲ್ಲ. ಒಮ್ಮೆ ಅದು ಮೊದಲ ಸೆಕೆಂಡಿಗೂ ಮುಂಚೆ ಬಂದಿತ್ತು.

1963. ಮಿಸಿಸಿಪ್ಪಿ ರಾಜ್ಯದಲ್ಲಿ ಕಪ್ಪು ಆಟಗಾರರಿರುವ ತಂಡದ ವಿರುದ್ಧ ಬಿಳಿಯರ ಕಾಲೇಜು ಆಡಬಾರದೆಂಬ ಅಲಿಖಿತ ಕಟ್ಟಳೆ. ಮಿಸಿಸಿಪ್ಪಿ ಸ್ಟೇಟ್ ತಂಡ 1959, 1961, 1962ರಲ್ಲಿ ಅರ್ಹತೆ ಗಳಿಸಿಯೂ ಟೂರ್ನಿಗೆ ಹೋಗಿರಲಿಲ್ಲ. ಈ ಸಲ ಹೋಗಿಯೇ ತೀರುವುದೆಂದಿತು. ತಡೆಯಲು ಕೋರ್ಟಿನ ಆದೇಶ ಬಂತು.

ಆದೇಶ ಕೈಗೆ ಮುಟ್ಟುವ ಮೊದಲೇ ಕೋಚ್ ಬೇಬ್ ಮೆಕಾರ್ಥಿ ರಾತ್ರೋರಾತ್ರಿ ರಾಜ್ಯದ ಗಡಿ ದಾಟಿದರು. ಬೆಳಗ್ಗೆ ಮೀಸಲು ಆಟಗಾರರನ್ನು ವಿಮಾನ ನಿಲ್ದಾಣಕ್ಕೆ ಕಳಿಸಿ, ಪೊಲೀಸರು ಕಾದಿಲ್ಲವೆಂದು ಖಾತ್ರಿಯಾದ ಮೇಲೆ ಮುಖ್ಯ ಆಟಗಾರರು ಹೊರಟರು. ಆಡಲೆಂದು ಹೊರಟ ಹುಡುಗರು ಕಳ್ಳರಂತೆ ಊರು ಬಿಡಬೇಕಾಯಿತು.

ಮಾರ್ಚ್ 15ರಂದು ಮಿಷಿಗನ್‌ನ ಈಸ್ಟ್ ಲಾನ್ಸಿಂಗ್‌ನಲ್ಲಿ ಎದುರಾಳಿ ಶಿಕಾಗೊದ ಲಯೋಲಾ. ಅಂಗಣಕ್ಕಿಳಿದ ಅವರ ಐವರಲ್ಲಿ ನಾಲ್ವರು ಕಪ್ಪು ಹುಡುಗರು. ಮಿಸಿಸಿಪ್ಪಿಯ ನಾಯಕ ಜೋ ಡ್ಯಾನ್ ಗೋಲ್ಡ್, ಲಯೋಲಾದ ನಾಯಕ ಜೆರಿ ಹಾರ್ಕ್‌ನೆಸ್ ಮಧ್ಯಕ್ಕೆ ಬಂದು ಕೈ ಕುಲುಕಿದರು. ಫ್ಲ್ಯಾಷ್ ಬಲ್ಬುಗಳು ಒಂದೇ ಸಮನೆ ಸಿಡಿದವು. ಬರೀ ಕೈಕುಲುಕಿಗೆ ಇಷ್ಟು ಬೆಳಕೇಕೆ ಎಂದು ಹಾರ್ಕ್‌ನೆಸ್‌ಗೆ ಆಗ ಹೊಳೆದದ್ದು.

ಲಯೋಲಾ 61–51ರಿಂದ ಗೆದ್ದಿತು, ಮುಂದೆ ಕಪ್ಪನ್ನೂ ಎತ್ತಿತು. 2011ರಲ್ಲಿ ಗೋಲ್ಡ್ ತೀರಿಕೊಂಡಾಗ ಹಾರ್ಕ್‌ನೆಸ್ ಅಂತಿಮ ದರ್ಶನಕ್ಕೆ ಹೋದರು. ಶವಪೆಟ್ಟಿಗೆಯ ಪಕ್ಕದಲ್ಲಿ ಅದೇ ಫೋಟೊ ಇಟ್ಟಿದ್ದರು.

ಮೂರು ವರ್ಷದ ಬಳಿಕ, 1966ರ ಫೈನಲ್‌ನಲ್ಲಿ, ಡಾನ್ ಹಾಸ್ಕಿನ್ಸ್ ಎಂಬ ಕೋಚ್ ಐವರೂ ಕಪ್ಪು ಆಟಗಾರರನ್ನೇ ಇಳಿಸಿದರು. ಟೆಕ್ಸಾಸ್ ವೆಸ್ಟರ್ನ್ 72, ಬಿಳಿಯರಷ್ಟೇ ಇದ್ದ ಕೆಂಟಕಿ 65. ವಾದ ಮಾಡಿ ಗೆಲ್ಲಲಾಗದ್ದನ್ನು ಸ್ಕೋರ್‌ಬೋರ್ಡ್ ಹೇಳಿ ಮುಗಿಸಿತು.

ಒಂದೇ ಮನೆ, ಎರಡು ಬೆಂಚು

2016ರ ಏಪ್ರಿಲ್ 4, ಹ್ಯೂಸ್ಟನ್. ವಿಲನೋವಾ ವಿರುದ್ಧ ನಾರ್ತ್ ಕ್ಯಾರೊಲಿನಾದ ಮಾರ್ಕಸ್ ಪೇಜ್ ಗಾಳಿಯಲ್ಲೇ ಕಾಲು ಮಡಚಿ, ಮೈ ತಿರುಚಿ ಎಸೆದ ಮೂರಂಕದ ಚೆಂಡು ಒಳಗೆ ಬಿತ್ತು. 74–74. ಉಳಿದದ್ದು 4.7 ಸೆಕೆಂಡ್. ಬೇರೆ ಯಾವ ವರ್ಷವಾದರೂ ಅದೇ ಆ ಟೂರ್ನಿಯ ಕ್ಷಣವಾಗುತ್ತಿತ್ತು.

ವಿಲನೋವಾದ ಕ್ರಿಸ್ ಜೆಂಕಿನ್ಸ್ ಗೆರೆಯಾಚೆಯಿಂದ ಚೆಂಡು ಕೊಟ್ಟ. ರಯಾನ್ ಆರ್ಚಿಡಿಯಾಕೊನೊ ಅದನ್ನು ತಟ್ಟಿಕೊಂಡು ಓಡಿದ. ಎಲ್ಲರ ಕಣ್ಣೂ ಅವನ ಮೇಲೆ. ಚೆಂಡು ಕೊಟ್ಟವನು ಹಿಂದಿನಿಂದ ಬರುತ್ತಿದ್ದುದನ್ನು ಯಾರೂ ಗಮನಿಸಲಿಲ್ಲ. ಆರ್ಚಿಡಿಯಾಕೊನೊ ಚೆಂಡನ್ನು ಹಿಂದಕ್ಕೆ ಮೆಲ್ಲಗೆ ಜಾರಿಸಿದ. ಜೆಂಕಿನ್ಸ್ ಎಸೆದ. ಗಡಿಯಾರ ಸೊನ್ನೆ ಮುಟ್ಟಿದ ಮೇಲೆ ಚೆಂಡು ಬಲೆ ಮುಟ್ಟಿತು. 77–74.

ಜೆಂಕಿನ್ಸ್ ಬೆಳೆದದ್ದು ಬ್ರಿಟ್ ಕುಟುಂಬದಲ್ಲಿ. ಆ ದಂಪತಿಯೇ ಅವನ ಕಾನೂನುಬದ್ಧ ಪೋಷಕರು. ಅವರ ಸ್ವಂತ ಮಗ ನೇಟ್ ಬ್ರಿಟ್ ಎದುರಾಳಿ ನಾರ್ತ್ ಕ್ಯಾರೊಲಿನಾ ತಂಡದಲ್ಲಿದ್ದ. ಒಂದೇ ಎಸೆತಕ್ಕೆ ಒಬ್ಬ ಮಗ ಎತ್ತರಕ್ಕೇರಿದ, ಇನ್ನೊಬ್ಬ ತಲೆ ತಗ್ಗಿಸಿದ.

ಮರುವರ್ಷ ನಾರ್ತ್ ಕ್ಯಾರೊಲಿನಾ ಕಪ್ ಗೆದ್ದಿತು. ನೇಟ್ ಬ್ರಿಟ್ ಆ ತಂಡದಲ್ಲಿದ್ದ.

ಹದಿನಾರನೇ ನಂಬರಿನವರು

ಟೂರ್ನಿಯನ್ನು ನಾಲ್ಕು ವಿಭಾಗ ಮಾಡಿ, ಒಂದೊಂದರಲ್ಲೂ 1ರಿಂದ 16ರ ತನಕ ಶ್ರೇಯಾಂಕ ಕೊಡುತ್ತಾರೆ. ಮೊದಲ ಸುತ್ತಿನಲ್ಲಿ ಒಂದನೇ ನಂಬರಿಗೆ ಹದಿನಾರನೇ ನಂಬರು. 1985ರಿಂದ ಪುರುಷರ ಟೂರ್ನಿಯಲ್ಲಿ ಇಂಥ 135 ಪಂದ್ಯ ನಡೆದು 135ನ್ನೂ ಒಂದನೇ ನಂಬರಿನವರೇ ಗೆದ್ದಿದ್ದರು.

2018ರ ಮಾರ್ಚ್ 16ರಂದು ಒಂದನೇ ನಂಬರಿನ ವರ್ಜೀನಿಯಾ ಎದುರು ನಿಂತದ್ದು ಬಾಲ್ಟಿಮೋರ್ ಬಳಿಯ ಯುಎಂಬಿಸಿ. ಅಲ್ಲಿಯವರೆಗೆ ಹೆಸರಾದದ್ದು ಚೆಸ್ ತಂಡಕ್ಕೆ. ಮಧ್ಯಂತರದಲ್ಲಿ 21–21. ಆಮೇಲೆ ಹದಿನಾರನೇ ನಂಬರಿನವರು ಹಿಂತಿರುಗಿ ನೋಡಲಿಲ್ಲ. 74–54. ಅಂಚಿನ ಗೆಲುವಲ್ಲ, ಇಪ್ಪತ್ತು ಅಂಕದ ಹೊಡೆತ.

ಇಡೀ ದೇಶ ನಕ್ಕಿತು. ವರ್ಜೀನಿಯಾ ಅದೇ ಕೋಚ್ ಟೋನಿ ಬೆನೆಟ್ ಜೊತೆ ಮರುವರ್ಷ ಬಂತು. ಒಂದು ಪಂದ್ಯ ಕೊನೆಯ ಉಸಿರಿನ ಬುಟ್ಟಿಯಿಂದ ಉಳಿಯಿತು, ಸೆಮಿಫೈನಲ್‌ನಲ್ಲಿ 0.6 ಸೆಕೆಂಡ್ ಇದ್ದಾಗ ಕೈಲ್ ಗೈ ಮೂರು ಫ್ರೀ ಥ್ರೋಗಳನ್ನೂ ಹಾಕಿದ. ಫೈನಲ್ ಹೆಚ್ಚುವರಿ ಅವಧಿಗೆ ಹೋಯಿತು. ಟೆಕ್ಸಾಸ್ ಟೆಕ್ ವಿರುದ್ಧ 85–77. ನಗೆಪಾಟಲಾದವರು ಒಂದೇ ವರ್ಷದಲ್ಲಿ ಏಣಿ ಹತ್ತಿ ಬಲೆ ಕತ್ತರಿಸಿದರು.

ಅಂದಹಾಗೆ, ಹದಿನಾರನೇ ನಂಬರಿನ ಗೆಲುವು ಗಂಡು ಹುಡುಗರಿಗಷ್ಟೇ ಹೊಸದು. ಇಪ್ಪತ್ತು ವರ್ಷ ಮುಂಚೆಯೇ, 1998ರಲ್ಲಿ, ಹಾರ್ವರ್ಡ್‌ನ ಹುಡುಗಿಯರು ಒಂದನೇ ನಂಬರಿನ ಸ್ಟ್ಯಾನ್‌ಫರ್ಡ್ ತಂಡವನ್ನು ಅವರದೇ ಅಂಗಣದಲ್ಲಿ 71–67ರಿಂದ ಮಣಿಸಿದ್ದರು. ಆ್ಯಲಿಸನ್ ಫೀಸ್ಟರ್ ಒಬ್ಬಳದೇ 35 ಅಂಕ.

ಒಂದೇ ವಾರಾಂತ್ಯ, ಎರಡು ಎಸೆತ

ಎನ್‌ಸಿಎಎ ಮಹಿಳೆಯರಿಗೆ ಟೂರ್ನಿ ತೆರೆದದ್ದು 1982ರಲ್ಲಿ, ಬ್ರೌನ್ ಪಾಸ್ ತಪ್ಪಿದ ವರ್ಷ. ‘ಮಾರ್ಚ್ ಮ್ಯಾಡ್‌ನೆಸ್’ ಹೆಸರನ್ನು ಹಂಚಿಕೊಂಡದ್ದು ಮಾತ್ರ 2022ರಲ್ಲಿ.

2018ರಲ್ಲಿ ಕೊಲಂಬಸ್‌ನಲ್ಲಿ ನಾಟರ್‌ಡೇಮ್ ತಂಡದ ನಾಲ್ವರು ಮಂಡಿ ಪೆಟ್ಟಾಗಿ ಹೊರಗೆ ಕೂತಿದ್ದರು. ಸೆಮಿಫೈನಲ್‌ನಲ್ಲಿ ಅಜೇಯ ಕನೆಕ್ಟಿಕಟ್ ವಿರುದ್ಧ ಒಂದು ಸೆಕೆಂಡ್ ಇದ್ದಾಗ ಅರೀಕೆ ಒಗುನ್‌ಬೊವಾಲೆ ಎಸೆದು ಗೆಲ್ಲಿಸಿದಳು. ಎರಡೇ ದಿನಕ್ಕೆ ಫೈನಲ್. ಮತ್ತೆ ಸಮಬಲ, ಮತ್ತೆ ಚೆಂಡು ಅವಳಿಗೆ. ಬಲಬದಿಗೆ ಓಡುತ್ತಾ, ಆಯ ತಪ್ಪಿದಂತೆ ಒಂದೇ ಕಾಲಲ್ಲಿ ಜಿಗಿದು ಎಸೆದಳು. ಗಡಿಯಾರದಲ್ಲಿ 0.1. ಮಿಸಿಸಿಪ್ಪಿ ಸ್ಟೇಟ್ ವಿರುದ್ಧ 61–58.

2024ರಲ್ಲಿ ಕೇಟ್ಲಿನ್ ಕ್ಲಾರ್ಕ್‌ಳ ಅಯೋವಾ ಮತ್ತು ಸೌತ್ ಕ್ಯಾರೊಲಿನಾ ನಡುವಿನ ಫೈನಲ್ ನೋಡಿದವರು ಸುಮಾರು 1.9 ಕೋಟಿ, ಪುರುಷರ ಫೈನಲ್‌ಗೆ ಸುಮಾರು 1.5 ಕೋಟಿ. ಹುಡುಗಿಯರು ಪ್ರೇಕ್ಷಕರ ಎಣಿಕೆಯಲ್ಲಿ ಮುಂದಾದದ್ದು ಅದೇ ಮೊದಲು.

---
ಚೌಕಟ್ಟು: ಬೆಂಗಳೂರಿನ ಹುಡುಗಿ

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ಅತ್ಯುನ್ನತ ದರ್ಜೆಯಲ್ಲಿ ಕನ್ನಡನಾಡಿನ ಹೆಸರೂ ಇದೆ. ಬೆಂಗಳೂರಿನ ಸಂಜನಾ ರಮೇಶ್ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ತಂಡಕ್ಕೆ ಆಡಿದವರು. ಭಾರತ ತಂಡದ ಜೆರ್ಸಿಯನ್ನೂ ತೊಟ್ಟಿದ್ದಾರೆ.

---

ಮುಟ್ಟಲಾಗದ ಚೆಂಡು

2025ರ ಏಪ್ರಿಲ್ 7, ಸ್ಯಾನ್ ಆಂಟೋನಿಯೊ. ಮತ್ತೆ ಹ್ಯೂಸ್ಟನ್ ಫೈನಲ್‌ನಲ್ಲಿದೆ. ಫ್ಲೋರಿಡಾ ಎರಡಂಕ ಮುಂದೆ. ಕೊನೆಯ ಎಸೆತಕ್ಕೆ ಇಮ್ಯಾನುಯೆಲ್ ಶಾರ್ಪ್ ಜಿಗಿದ. ವಾಲ್ಟರ್ ಕ್ಲೇಟನ್ ಕೈ ಚಾಚಿ ಮೈಮೇಲೆ ಹಾರಿದ. ಎಸೆದರೆ ತಡೆ ಖಚಿತ, ಚೆಂಡು ಹಿಡಿದೇ ನೆಲಕ್ಕಿಳಿದರೆ ನಿಯಮಭಂಗ. ಶಾರ್ಪ್ ಚೆಂಡು ಬಿಟ್ಟುಬಿಟ್ಟ.

ಅದು ಅವನ ಕಣ್ಣೆದುರೇ ಪುಟಿಯಿತು. ಇನ್ನೊಮ್ಮೆ ಪುಟಿಯಿತು. ಮೊದಲು ಮುಟ್ಟುವ ಹಕ್ಕು ಅವನಿಗಿರಲಿಲ್ಲ. ಎದುರಾಳಿ ಮೇಲೆಬಿದ್ದು ಹಿಡಿದ, ಹೊತ್ತು ಮುಗಿಯಿತು. 65–63.

ಹ್ಯೂಸ್ಟನ್‌ಗೆ ಅದು ಮೂರನೇ ಫೈನಲ್ ಸೋಲು. ಮೊದಲನೆಯದು ವಾಲ್ವಾನೊ ಓಡಿದ ರಾತ್ರಿ. ಎರಡನೆಯದು ಅದರ ಮರುವರ್ಷ, 1984ರ ಏಪ್ರಿಲ್ 2ರಂದು, ಸಿಯಾಟಲ್‌ನಲ್ಲಿ.

ಸಿಯಾಟಲ್‌ನಲ್ಲಿ ಅವರನ್ನು 84–75ರಿಂದ ಸೋಲಿಸಿದ್ದು ಜಾರ್ಜ್‌ಟೌನ್. ಕಪ್ ಗೆದ್ದ ಮೊದಲ ಕಪ್ಪು ಕೋಚ್ ಎಂದು ಜಾನ್ ಥಾಮ್ಸನ್ ಹೆಸರು ಇತಿಹಾಸಕ್ಕೆ ಸೇರಿದ ರಾತ್ರಿ ಅದು. ತಂಡದಲ್ಲಿ ಅಂತಿಮ ವರ್ಷದ ಹುಡುಗನೊಬ್ಬನಿದ್ದ. ಪಂದ್ಯದ ಹೀರೋ ಅವನಲ್ಲ. ಆದರೂ ಥಾಮ್ಸನ್ ಅವನನ್ನು ಹುಡುಕಿ ಬಾಚಿ ತಬ್ಬಿಕೊಂಡರು. ಫ್ರೆಡ್ ಬ್ರೌನ್.

ಕ್ಯಾಮೆರಾ ಈ ಸಲವೂ ಅಲ್ಲೇ ಇತ್ತು. ಎರಡು ವರ್ಷದ ಹಿಂದಿನ ಫೋಟೊ ಪಕ್ಕದಲ್ಲಿಟ್ಟರೆ ತೋಳುಗಳು ಅವೇ, ಹುಡುಗನೂ ಅವನೇ.

ಪಾಸ್ ಮಾತ್ರ ಬದಲಾಗಿಲ್ಲ. ಮಾರ್ಚ್ ಬಂದಾಗಲೆಲ್ಲ ಯಾವುದೋ ಚಾನೆಲ್ಲು ಅದನ್ನು ಹಾಕುತ್ತದೆ. ಬ್ರೌನ್ ನಿಲ್ಲುತ್ತಾನೆ, ಕಣ್ಣಂಚಿನಲ್ಲಿ ನೋಡುತ್ತಾನೆ, ಚೆಂಡು ಹೋಗಿ ವರ್ದಿಯ ಕೈಗೇ ಬೀಳುತ್ತದೆ.